ಪೆಟ್ಟಿಗೆಯೂ ಸ್ಪೀಕರೇ: ಮನೆಯಲ್ಲೇ ಸೌಂಡ್ ಬಾಕ್ಸ್ ಮಾಡುವವರಿಗೆ

ರಾಯಚೂರಿರಲಿ, ಬಳ್ಳಾರಿಯಿರಲಿ, ಸ್ಪೀಕರ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ವಾಟ್ ಬೇಕ್ರೀ?" ಎಷ್ಟು ಲೀಟರ್ ಬಾಕ್ಸ್‌ಗೆ ಹಾಕ್ತೀರಿ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಬಾಕ್ಸ್ ಕೈಯಾರೆ ಮಾಡಿಕೊಳ್ಳುವವರಿಗೆ ಮುಖ್ಯವಾದದ್ದು ಈ ಎರಡನೇ ಪ್ರಶ್ನೆಯೇ. ವಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ). ಸದ್ದು ಎರಡು ಪಟ್ಟಾಯಿತು ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವಾಟ್ ಹತ್ತು ಪಟ್ಟು ಬೇಕು. ಅದರ ಬದಲು ಅದೇ ಸ್ಪೀಕರನ್ನು ಸರಿಯಾದ ಅಳತೆಯ, ಗಾಳಿ ಸೋರದ ಪೆಟ್ಟಿಗೆಯಲ್ಲಿ ಕೂರಿಸಿ. ಅದೇ ಆಂಪ್ಲಿಫೈಯರಿನಲ್ಲಿ ಬೇಸ್ ಬೇರೆಯೇ ಕೇಳುತ್ತದೆ.

ಸ್ಪೀಕರನ್ನು ಸುಮ್ನೆ ಕೈಯಲ್ಲಿ ಹಿಡಿದು ಹಾಡು ಹಾಕಿದರೆ ಬೇಸ್ ಬರುವುದಿಲ್ಲ. ಯಾಕೆ ಅಂದರೆ, ಕೋನ್ (ಸ್ಪೀಕರಿನ ಅಲುಗುವ ಮುಖ) ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಹಿಂದೆ ಹುಟ್ಟಿದ ಸದ್ದು ಮುಂದಿನದಕ್ಕೆ ಪೂರಾ ಉಲ್ಟಾ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅಲುಗುವ, ಬೇಸಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್. ಅಷ್ಟು ಉದ್ದದ ಅಲೆಗೆ ಆರು ಇಂಚಿನ ಸ್ಪೀಕರ್ ಅಡ್ಡವೇ ಅಲ್ಲ. ಹಿಂದಿನದು ಆರಾಮಾಗಿ ಸುತ್ತಿ ಬಂದು ಮುಂದಿನದನ್ನು ಅಳಿಸಿಹಾಕುತ್ತದೆ. 5,000 ಹರ್ಟ್ಸಿನ ಅಲೆ ಹೆಚ್ಚೂಕಡಿಮೆ 7 ಸೆಂಟಿಮೀಟರ್ ಅಷ್ಟೇ. ಅದು ಹಾಗೆ ಸುತ್ತಿ ಬರುವುದಿಲ್ಲ, ಹಾಗಾಗಿ ಚುರುಕು ಸದ್ದು ಮಾತ್ರ ಉಳಿಯುತ್ತದೆ. ಹಿಂದಿನ ಸದ್ದನ್ನು ಕೂಡಿಹಾಕುವುದೇ ಪೆಟ್ಟಿಗೆಯ ಮೊದಲ ಕೆಲಸ.

ಎರಡನೇ ಕೆಲಸ ಸ್ವಲ್ಪ ಸೂಕ್ಷ್ಮ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗ್ ಆಗುತ್ತದೆ. ಕೋನ್ ಒಳಗೆ ಹೋದಾಗ ಹೊರಗೆ ನೂಕುತ್ತದೆ, ಹೊರಗೆ ಬಂದಾಗ ಒಳಗೆ ಎಳೆಯುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಈ ಸ್ಪ್ರಿಂಗ್ ಬಿಗಿ. ತೀರಾ ಬಿಗಿಯಾದರೆ ಬೇಸ್ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತದೆ, ತಬಲಾ ಹೊಡೆದರೂ ಅದೇ, ಬೇಸ್ ಗಿಟಾರ್ ಹೊಡೆದರೂ ಅದೇ. ತೀರಾ ದೊಡ್ಡದಾದರೆ ಕೋನಿಗೆ ಹಿಡಿತವೇ ಇರುವುದಿಲ್ಲ. ಅದಕ್ಕೇ ಲೀಟರ್ ಲೆಕ್ಕ.

ಲೀಟರ್ ಎಷ್ಟು?

ಈ ಲೆಕ್ಕವನ್ನು ಒಂದು ಹದಕ್ಕೆ ತಂದವರು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ಇಬ್ಬರು. ನೆವಿಲ್ ಥೀಲ್ 1961ರಲ್ಲಿ ಬರೆದರು. ರಿಚರ್ಡ್ ಸ್ಮಾಲ್ 1970ರ ದಶಕದ ಶುರುವಿನಲ್ಲಿ ಅದನ್ನು ಬೆಳೆಸಿದರು. ಅದಕ್ಕೂ ಮುಂಚೆ ಬಾಕ್ಸ್ ಅಳತೆ ಬಹಳ ಮಟ್ಟಿಗೆ ಮಾಡಿ ನೋಡಿ ಕಲಿಯುವ ವಿದ್ಯೆಯಾಗಿತ್ತು. ಇವರಿಬ್ಬರ ಹೆಸರಿನ ಅಂಕಿಗಳು ಈಗ ಒಳ್ಳೆಯ ಸ್ಪೀಕರಿನ ಜೊತೆ ಬರುವ ಚೀಟಿಯಲ್ಲೇ ಇರುತ್ತವೆ. ಅವುಗಳಲ್ಲಿ ಮೂರು ಸಾಕು. ಎಫ್‌ಎಸ್ ಅಂದರೆ ಸ್ಪೀಕರ್ ತಾನಾಗಿ ಅಲುಗುವ ಹರ್ಟ್ಸ್. ವಿಎಎಸ್ ಅಂದರೆ ಕೋನನ್ನು ಚೌಕಟ್ಟಿಗೆ ಹಿಡಿದಿಡುವ ತೂಗುಪಟ್ಟಿಯಷ್ಟೇ ಬಿಗಿ ಇರುವ ಗಾಳಿ ಎಷ್ಟು ಲೀಟರ್ ಅಂತ. ಕ್ಯೂಟಿಎಸ್ ಅಂದರೆ ಅಲುಗಿದ ಕೋನ್ ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದರ ಅಂಕಿ. ಅದು ಕಮ್ಮಿ ಇದ್ದಷ್ಟೂ ಬೇಗ ನಿಲ್ಲುತ್ತದೆ.

ಒಂದು ಆರೂವರೆ ಇಂಚಿನ ಸ್ಪೀಕರ್ ತಗೊಳ್ಳಿ. ಎಫ್‌ಎಸ್ 50 ಹರ್ಟ್ಸ್, ವಿಎಎಸ್ 20 ಲೀಟರ್, ಕ್ಯೂಟಿಎಸ್ 0.45 ಅನ್ನೋಣ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಈ ಕ್ಯೂ ಅಂಕಿ 0.707ಕ್ಕೆ ಏರಿದರೆ ಬೇಸ್ ಎಲ್ಲೂ ಉಬ್ಬದೆ ಸಮನಾಗಿ ಬರುತ್ತದೆ. ಲೆಕ್ಕ ಸುಲಭ. 0.707 ಅನ್ನು 0.45ರಿಂದ ಭಾಗಿಸಿ, 1.57 ಬಂತು. ಅದರ ವರ್ಗ 2.47. ಒಂದು ಕಳೆದರೆ 1.47. ಈಗ 20 ಲೀಟರನ್ನು 1.47ರಿಂದ ಭಾಗಿಸಿ: 13.6 ಲೀಟರ್. ಬೇಸ್ ಎಲ್ಲಿಂದ ಇಳಿಯುತ್ತದೆ ಅಂತ ತಿಳಿಯಲು 50 ಅನ್ನು 1.57ರಿಂದ ಗುಣಿಸಿ, ಸುಮಾರು 78 ಹರ್ಟ್ಸ್. ಕೈಲೆಕ್ಕ ಬೇಡ ಅನ್ನುವವರಿಗೆ ವಿನ್‌ಐಎಸ್‌ಡಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಆದರೆ ಒಂದು ಸಲ ಕೈಯಲ್ಲಿ ಮಾಡಿ ನೋಡಿ. ಯಾವ ಅಂಕಿ ಬದಲಾದರೆ ಏನಾಗುತ್ತದೆ ಅನ್ನುವುದು ಆಗಲೇ ತಲೆಗೆ ಹತ್ತುವುದು.

ಚೀಟಿ ಇಲ್ಲದ ಸ್ಪೀಕರ್ ಆದರೆ? ಎಫ್‌ಎಸ್ ಅಳೆಯಬಹುದು. ಆಂಪ್ಲಿಫೈಯರಿನಿಂದ ಬರುವ ವೈರಿಗೆ 100 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ, ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ 20 ಹರ್ಟ್ಸಿನಿಂದ ನಿಧಾನಕ್ಕೆ ಮೇಲೇರಿಸುತ್ತಾ ಸ್ಪೀಕರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಎಸಿ ವೋಲ್ಟ್ ಎಲ್ಲಿ ಎಲ್ಲಕ್ಕಿಂತ ಜಾಸ್ತಿ ತೋರಿಸುತ್ತದೋ ಅದೇ ಎಫ್‌ಎಸ್. ಆಮೇಲೆ ಅದೇ ಸ್ಪೀಕರನ್ನು ಸರಿಯಾಗಿ 10 ಲೀಟರಿನ ಒಂದು ಹಳೇ ಪೆಟ್ಟಿಗೆಗೆ ಬಿಗಿದು ಮತ್ತೆ ಅಳೆಯಿರಿ. 50 ಇದ್ದದ್ದು 86, 87ಕ್ಕೆ ಏರಿದರೆ ವಿಎಎಸ್ ಸುಮಾರು 20 ಲೀಟರ್. ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆದು, 10ರಿಂದ ಗುಣಿಸಿದರೆ ಆಯಿತು. ಕ್ಯೂಟಿಎಸ್ ಅಳೆಯುವುದು ಇನ್ನಷ್ಟು ಗೋಜಲು. ಮೊದಲ ಬಾಕ್ಸಿಗೆ ಚೀಟಿ ಇರುವ ಸ್ಪೀಕರೇ ತಗೊಳ್ಳಿ, ನೂರಿನ್ನೂರು ಜಾಸ್ತಿಯಾದರೂ ಪರವಾಗಿಲ್ಲ.

ತೂತು ಇಡಬೇಕೋ ಬೇಡವೋ

ಸಿಂಧನೂರು, ಗಂಗಾವತಿ ಕಡೆ ಟ್ರ್ಯಾಕ್ಟರ್ ಮೇಲೆ ಕಟ್ಟುವ ಬೇಸ್ ಬಾಕ್ಸುಗಳಿಗೆಲ್ಲ ಒಂದು ತೂತು ಇರುತ್ತದೆ. ಗಾಳಿ ಹೊರಹೋಗಲಿ ಅಂತ ಇಟ್ಟಿದ್ದು ಅಂದುಕೊಂಡವರೇ ಹೆಚ್ಚು. ಅದು ಹಾಗಲ್ಲ. ಖಾಲಿ ಸೋಡಾ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ವಾ? ಕುತ್ತಿಗೆಯ ಗಾಳಿ ಭಾರ, ಹೊಟ್ಟೆಯ ಗಾಳಿ ಸ್ಪ್ರಿಂಗ್, ಎರಡೂ ಸೇರಿ ಒಂದು ಹರ್ಟ್ಸಿಗೆ ಕುಣಿಯುತ್ತವೆ. ತೂತಿಗೆ ಪೈಪ್ ಇಟ್ಟ ಬಾಕ್ಸಿನಲ್ಲಿ ನಡೆಯುವುದೂ ಇದೇ. ಕೋನಿನ ಹಿಂದಿನ ಸದ್ದು ವ್ಯರ್ಥವಾಗುವ ಬದಲು ಆ ಹರ್ಟ್ಸಿನ ಸುತ್ತಮುತ್ತ ಪೈಪಿನಿಂದ ಮುಂದಿನ ಸದ್ದಿನ ಜೊತೆಗೂಡಿ ಬರುತ್ತದೆ. ಬೇಸ್ ಇನ್ನೂ ಕೆಳಗಿನವರೆಗೆ ಸಿಗುತ್ತದೆ.

ಹೊಲಕ್ಕೆ ನೀರು ಬಿಡುವ ಪಿವಿಸಿ ಪೈಪೇ ಇದಕ್ಕೆ ಸಾಕು. 28 ಲೀಟರಿನ ಬಾಕ್ಸು, ಒಳಗಿನ ವ್ಯಾಸ 7 ಸೆಂಟಿಮೀಟರಿನ ಪೈಪು, 45 ಹರ್ಟ್ಸ್ ಬೇಕು ಅಂದರೆ ಉದ್ದ ಸುಮಾರು 15 ಸೆಂಟಿಮೀಟರ್ ಬರುತ್ತದೆ. ಅದನ್ನೇ 12ಕ್ಕೆ ಕತ್ತರಿಸಿದರೆ 49 ಹರ್ಟ್ಸಿಗೆ ಏರುತ್ತದೆ. ಹಾಗಾಗಿ ಮೊದಲು ಉದ್ದವಾಗಿಯೇ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಬನ್ನಿ. ಸರಿಹೋಯಿತೋ ಇಲ್ಲವೋ ಕಣ್ಣಲ್ಲೇ ಗೊತ್ತಾಗುತ್ತದೆ. ಟೋನ್ ಆ್ಯಪ್ ಹಾಕಿ 60ರಿಂದ ಕೆಳಗೆ ಇಳಿಸುತ್ತಾ ಕೋನಿಗೆ ಬೆರಳು ತಾಗಿಸಿ ನೋಡಿ. ಒಂದು ಜಾಗದಲ್ಲಿ ಕೋನ್ ಹೆಚ್ಚೂಕಡಿಮೆ ನಿಂತೇಬಿಡುತ್ತದೆ, ಪೈಪಿನ ಬಾಯಿಯಿಂದ ಮಾತ್ರ ಗಾಳಿ ಕೈಗೆ ಬಡಿಯುತ್ತಿರುತ್ತದೆ. ಬಾಕ್ಸು ಕೂತಿರುವ ಹರ್ಟ್ಸ್ ಅದೇ. ಮೊದಲ ಸಲ ನೋಡಿದವರಿಗೆ ಸ್ಪೀಕರ್ ಕೆಟ್ಟಿತೇನೋ ಅನ್ನಿಸುತ್ತದೆ.

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿಯಲ್ಲಿ ಸದ್ದಿನ ವೇಗ ಜಾಸ್ತಿ: 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 40ರಲ್ಲಿ 355ಕ್ಕೆ ಹತ್ತಿರ. 45 ಹರ್ಟ್ಸಿನ ಬಾಕ್ಸು ಒಂದೂವರೆ ಹರ್ಟ್ಸ್ ಮೇಲೆ ಹೋಗುತ್ತದೆ ಅಷ್ಟೇ. ಕಿವಿಗೆ ಗೊತ್ತಾಗುವುದಿಲ್ಲ.

ತೂತಿನ ಬಾಕ್ಸಿಗೆ ಒಂದು ಅಪಾಯ ಇದೆ. ಕೂತ ಹರ್ಟ್ಸಿಗಿಂತ ಕೆಳಗಿನ ಸದ್ದು ಕೊಟ್ಟರೆ ಪೆಟ್ಟಿಗೆಯ ಗಾಳಿ ಕೋನನ್ನು ಹಿಡಿದುಕೊಳ್ಳುವುದೇ ಇಲ್ಲ. ಕೋನ್ ಮಿತಿ ಮೀರಿ ಕುಣಿಯುತ್ತದೆ. ಬೇಸ್ ಬೂಸ್ಟ್ ತುದಿಗಿಟ್ಟು ಟ್ರ್ಯಾಕ್ಟರ್‌ಗಳಲ್ಲಿ ಸ್ಪೀಕರ್ ಹರಿಯುವುದಕ್ಕೆ ಇದೂ ಒಂದು ಕಾರಣ. ಮುಚ್ಚಿದ ಪೆಟ್ಟಿಗೆ ಇಂಥ ತಪ್ಪನ್ನು ಎಷ್ಟೋ ಸಹಿಸಿಕೊಳ್ಳುತ್ತದೆ. ಅಳತೆ ಒಂದೆರಡು ಲೀಟರ್ ಆಚೀಚೆಯಾದರೂ ನಡೆಯುತ್ತದೆ. ಅದಕ್ಕೇ ಮನೆಯಲ್ಲಿ ಮೊದಲ ಜೋಡಿ ಮಾಡುವವರಿಗೆ ನಾನು ಹೇಳುವುದು ಮುಚ್ಚಿದ್ದನ್ನೇ ಮಾಡಿ ಅಂತ. ತೂತು ಇಟ್ಟೇ ಇಡುತ್ತೀನಿ ಅಂದರೆ ಪೈಪಿನ ಒಳಬಾಯಿಗೆ ಜಾಳಿಗೆ ಹೊಡೆಯಿರಿ. ನಮ್ಮೂರ ಕಡೆ ಹಲ್ಲಿ, ಇಲಿಮರಿಗೆ ಅದಕ್ಕಿಂತ ಬೆಚ್ಚಗಿನ ಮನೆ ಇನ್ನೊಂದಿಲ್ಲ.

ಹಲಗೆ, ಅಂಟು, ಸೋರಿಕೆ

ತೇಗದ ಹಲಗೆಯಲ್ಲಿ ಮಾಡಿದರೆ ಸೌಂಡ್ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ ಇದೆ. ವೀಣೆಗೆ ಸರಿ, ಬಾಕ್ಸಿಗಲ್ಲ. ವಾದ್ಯದ ಮರ ಕೂಡಿ ಹಾಡಬೇಕು, ಬಾಕ್ಸಿನ ಮರ ಬಾಯಿ ಮುಚ್ಚಿಕೊಂಡಿರಬೇಕು. ಅದೂ ಅಲ್ಲದೆ ಗಟ್ಟಿ ಮರ ನಾರಿನ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಕೂಡಿಸಿದ ಅಗಲ ಹಲಗೆ ಏಪ್ರಿಲ್ ಹೊತ್ತಿಗೆ ಕೂಡಿನಲ್ಲಿ ಬಾಯಿ ಬಿಡಬಹುದು. ಹಾಗಾಗಿ ಉಳಿಯುವುದು ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಮತ್ತು ಪ್ಲೈವುಡ್. ಎಂಡಿಎಫ್ ಭಾರ, ಒಳಗೆಲ್ಲ ಒಂದೇ ಸಮ, ಮೇಲ್ಮೈ ನುಣುಪು, ಬಣ್ಣ ಹೊಡೆಯಲು ಅದೇ ಒಳ್ಳೆಯದು. ನೀರು ಮಾತ್ರ ಆಗುವುದಿಲ್ಲ, ಅಂಚು ಹಪ್ಪಳದ ಹಾಗೆ ಉಬ್ಬುತ್ತದೆ. ಮನೆಯೊಳಗೆ ಇಡುವುದಾದರೆ ಎಂಡಿಎಫ್, ಗಾಡಿ ಮೇಲೆ ಅಥವಾ ಜಾತ್ರೆಗೆ ಹೊರುವುದಾದರೆ ಪ್ಲೈವುಡ್. ಪ್ಲೈನಲ್ಲಿ ಐಎಸ್ 710 ಅಂತ ಮುದ್ರೆ ಇದ್ದರೆ ಮರೀನ್ ದರ್ಜೆಯದು.

ದಪ್ಪ 18 ಮಿಲಿಮೀಟರ್ ಇರಲಿ. ಹಲಗೆಯ ಬಿಗಿ ದಪ್ಪದ ಘನದಷ್ಟು ಏರುತ್ತದೆ. 12ರಿಂದ 18ಕ್ಕೆ ಹೋದರೆ ದಪ್ಪ ಒಂದೂವರೆ ಪಟ್ಟು, ಬಿಗಿ ಮೂರು ಪಟ್ಟಿಗೂ ಜಾಸ್ತಿ. ಒಳಗೆ ಎರಡು ಪಕ್ಕದ ಹಲಗೆಗೆ ತಾಗುವಂತೆ ಒಂದು ಅಡ್ಡಪಟ್ಟಿ ಕೂರಿಸಿದರೆ ಇನ್ನೂ ಒಳ್ಳೆಯದು, ಆದರೆ ಸರಿ ನಡುವೆ ಬೇಡ, ಸ್ವಲ್ಪ ಆಚೀಚೆ ಇರಲಿ.

ಮೇಲಿನ ಲೆಕ್ಕದ ಪೆಟ್ಟಿಗೆಗೆ ಒಳಗಿನ ಅಳತೆ 18 ಅಗಲ, 35 ಎತ್ತರ, 22 ಸೆಂಟಿಮೀಟರ್ ಆಳ ಇಟ್ಟುಕೊಳ್ಳಿ. 13.9 ಲೀಟರ್ ಹತ್ತಿರ ಬರುತ್ತದೆ. ಸ್ಪೀಕರಿನ ಮ್ಯಾಗ್ನೆಟ್ಟು, ಅಡ್ಡಪಟ್ಟಿ ತಿನ್ನುವ ಜಾಗ ಕಳೆದರೆ ಸರಿಹೋಗುತ್ತದೆ. ಮೂರೂ ಅಳತೆ ಒಂದೇ ಆಗಬಾರದು. ಚೌಕ ಡಬ್ಬಿಯಲ್ಲಿ ಒಳಗಿನ ಪ್ರತಿಧ್ವನಿ ಮೂರು ದಿಕ್ಕಿಗೂ ಒಂದೇ ಹರ್ಟ್ಸಿಗೆ ಬಂದು ಕೂತುಬಿಡುತ್ತದೆ. ಒಂದು ಜೋಡಿಗೆ 8×4 ಅಡಿ ಶೀಟಿನ ಮೂರನೇ ಒಂದು ಭಾಗ ಸಾಕು, ಹಾಗಾಗಿ ಪ್ಲೈವುಡ್ ಅಂಗಡಿಯಲ್ಲಿ ಕಟ್ ಪೀಸ್ ಇದೆಯಾ ಅಂತ ಮೊದಲು ಕೇಳಿ. ಕತ್ತರಿಸುವ ಕೆಲಸ ಬಡಿಗೇರರಿಗೇ ಬಿಡಿ. ಅವರ ಟೇಬಲ್ ಮಶಿನ್ನಿನಲ್ಲಿ ಒಂದೇ ಅಳತೆಯ ತುಂಡುಗಳನ್ನೆಲ್ಲ ಒಂದೇ ಸಲಕ್ಕೆ ಹಾಕಿಸಿದರೆ ಮಿಲಿಮೀಟರ್ ವ್ಯತ್ಯಾಸವೂ ಬರುವುದಿಲ್ಲ. ಕೈ ಗರಗಸದಲ್ಲಿ ಕೊಯ್ದ ಅಂಚು ಎಷ್ಟೇ ಉಜ್ಜಿದರೂ ಎಲ್ಲೋ ಒಂದು ಕಡೆ ಬೆಳಕು ಬಿಡುತ್ತದೆ. ಎಂಡಿಎಫ್ ಧೂಳು ಹಿಟ್ಟಿನಷ್ಟು ನುಣ್ಣಗೆ, ಅದರಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಕೂಡ ಇರುತ್ತದೆ. ಮೂಗಿಗೆ ಟವೆಲ್ ಸುತ್ತಿದರೆ ಸಾಲದು, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.

ಕೂಡಿಸಲು ಮರದ ಫೆವಿಕಾಲ್ ಸಾಕು. ಅಂಟು ಸರಿಯಾಗಿ ಕೂತರೆ ಕೂಡು ಎಂಡಿಎಫ್‌ಗಿಂತಲೂ ಗಟ್ಟಿ. ಸ್ಕ್ರೂ ಬರೀ ಅಂಟು ಒಣಗುವ ತನಕ ಹಿಡಿದುಕೊಳ್ಳಲು. ಎಂಡಿಎಫ್ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಸೀಳುತ್ತದೆ, ಮೊದಲು ಸಣ್ಣ ತೂತು ಕೊರೆಯಬೇಕು. ಬಿಸಿಲಿನಲ್ಲಿ ಹಲಗೆ ಕಾದಿದ್ದರೆ ಅಂಟು ಹಚ್ಚಿ ಮೂಲೆಮಟ್ಟ ಹಿಡಿಯುವಷ್ಟರಲ್ಲಿ ಪೊರೆ ಕಟ್ಟಿರುತ್ತದೆ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ತಂಪಿನಲ್ಲೇ ಮುಗಿಸಿ. ಒಳಗಿನ ಎಲ್ಲ ಮೂಲೆಗೂ ಬೆರಳಿನಿಂದ ಅಂಟು ಎಳೆಯಿರಿ, ವೈರ್ ಹೊರಬರುವ ತೂತಿಗೆ ಸಿಲಿಕಾನ್ ತುಂಬಿ.

ಸೋರುತ್ತದೋ ಇಲ್ಲವೋ ನೋಡಲು ಊದುಬತ್ತಿ ಸಾಕು. ಸ್ಪೀಕರ್ ಬಿಗಿದು, 30 ಹರ್ಟ್ಸಿನ ಟೋನನ್ನು ಸಣ್ಣ ಸದ್ದಿನಲ್ಲಿ ಹಾಕಿ, ಹೊಗೆಯ ಎಳೆಯನ್ನು ಕೂಡಿನುದ್ದಕ್ಕೂ ನಿಧಾನಕ್ಕೆ ಒಯ್ಯಿರಿ. ಫ್ಯಾನ್ ಆಫ್ ಇರಲಿ. ಎಳೆ ನೆಟ್ಟಗೆ ಏರುತ್ತಿದ್ದರೆ ಸರಿ. ಒಂದು ಕಡೆ ಬಂದಾಗ ನಡುಗಲು ಶುರುವಾದರೆ ಅಲ್ಲೇ ಸಂದು. ನೂಲಿನಷ್ಟು ಸಂದಿದ್ದರೂ ಮುಚ್ಚಿದ ಬಾಕ್ಸಿನ ಲೆಕ್ಕ ತಪ್ಪುತ್ತದೆ, ಮೇಲಿಂದ ಸುಸ್ ಅನ್ನುವ ಸದ್ದು ಬೇರೆ. ಸ್ಪೀಕರಿನ ಚೌಕಟ್ಟಿನ ಕೆಳಗೆ ತೆಳು ಫೋಮ್ ಟೇಪ್ ಹಾಕುವುದನ್ನು ಮರೆಯಬೇಡಿ, ಬಹಳ ಸಲ ಸೋರುವುದು ಅಲ್ಲೇ.

ಒಳಗೆ ತುಂಬಲು ರಾಯಚೂರಿನಲ್ಲಿ ಹತ್ತಿಗೇನು ಬರ ಅಂತ ಕೇಳಬಹುದು. ಹತ್ತಿ ಕೆಲಸ ಮಾಡುತ್ತದೆ, ಆದರೆ ಹುಳ ಹಿಡಿಯುತ್ತದೆ, ಕಾಲ ಕಳೆದಂತೆ ಕೆಳಗೆ ಇಳಿದು ಗಂಟು ಕಟ್ಟುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ವಾಸಿ. ಸಡಿಲವಾಗಿ ತುಂಬಬೇಕು, ತುರುಕಬಾರದು. ಒಳಗಿನ ಪ್ರತಿಧ್ವನಿ ತಗ್ಗುವುದಲ್ಲದೆ ಸ್ಪೀಕರಿಗೆ ಪೆಟ್ಟಿಗೆ ಒಂದಿಷ್ಟು ದೊಡ್ಡದಾದಂತೆಯೂ ಅನ್ನಿಸುತ್ತದೆ. ಬೇಸ್ ಇನ್ನೂ ಗುಂಯ್ ಅಂದರೆ ಇನ್ನೊಂದು ಹಿಡಿ ಹಾಕಿ ನೋಡಿ.

ಟ್ವೀಟರ್ (ಚುರುಕು ಸದ್ದಿನ ಸಣ್ಣ ಸ್ಪೀಕರ್), ಕ್ರಾಸ್‌ಓವರ್ (ಬೇಸನ್ನೂ ಚುರುಕು ಸದ್ದನ್ನೂ ಬೇರೆ ಮಾಡುವ ನೆಟ್‌ವರ್ಕ್) ವಿಷಯ ಬೇರೆಯೇ ಒಂದು ಲೇಖನ ಕೇಳುತ್ತದೆ. ಅಂಗಡಿಯ ರೆಡಿಮೇಡ್ ನೆಟ್‌ವರ್ಕ್ ಯಾವ ಸ್ಪೀಕರಿಗಾದರೂ ಹೊಂದುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ.

ಬಣ್ಣದ ಕೆಲಸ

ಬಾಕ್ಸ್ ಮಾಡಲು ಎರಡು ದಿನ ಹಿಡಿದರೆ ಫಿನಿಶಿಂಗ್‌ಗೆ ಎರಡು ವಾರ ಹಿಡಿಯಬಹುದು. ಜನ ಅವಸರ ಮಾಡುವುದೂ ಇಲ್ಲೇ.

ಇದರಲ್ಲಿ ಯಾರ ಕೆಲಸ ನೋಡಬೇಕು ಅಂದರೆ ಕೊಪ್ಪಳದ ಪಕ್ಕದ ಕಿನ್ನಾಳದವರದ್ದು. ಅಲ್ಲಿನ ಚಿತ್ರಗಾರ ಕುಟುಂಬಗಳು ಮರದ ಗೊಂಬೆ, ದೇವರ ಮೂರ್ತಿ ಮಾಡುತ್ತವೆ. ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಗುರ ಮರದ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದೇ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೈಗೆಲ್ಲ ಬಳಿಯುತ್ತಾರೆ. ಅದರ ಮೇಲೆ ಹತ್ತಿ, ಆಮೇಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಬರುವುದು ಇದೆಲ್ಲ ಆದ ಮೇಲೆ. ಗೊಂಬೆ ಕೈಗೆ ತಗೊಂಡು ನೋಡಿದರೆ ಕೂಡು ಎಲ್ಲಿದೆ ಅಂತ ಹುಡುಕಬೇಕು. ಬಣ್ಣಕ್ಕೆ ಮೊದಲಿನ ಪದರಗಳೇ ಕೂಡನ್ನು ಅಡಗಿಸಿರುತ್ತವೆ. ಎಂಡಿಎಫ್ ಬಾಕ್ಸಿಗೂ ಬೇಕಾದದ್ದು ಇದೇ ಕ್ರಮ, ಸಾಮಾನು ಮಾತ್ರ ಬೇರೆ.

ಎಂಡಿಎಫ್‌ನ ಮುಖ ಗಟ್ಟಿ, ಅಂಚು ಸ್ಪಂಜು. ಸೀಲರ್ ಹಾಕದೆ ಬಣ್ಣ ಹೊಡೆದರೆ ಮುಖ ಹೊಳೆಯುತ್ತದೆ, ಅಂಚು ಕುಡಿದು ಕುಡಿದು ಮಂಕಾಗೇ ಉಳಿಯುತ್ತದೆ. ಅದಕ್ಕೇ ಮೊದಲು 180 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಅಂಚಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್ ಹಚ್ಚಿ. ಒಣಗಿದಾಗ ನಾರು ಎದ್ದು ಕೈಗೆ ಒರಟು ಹತ್ತುತ್ತದೆ. 220ರಲ್ಲಿ ಉಜ್ಜಿ, ಮತ್ತೆ ಹಚ್ಚಿ. ಅಂಚು ಮುಖದಷ್ಟೇ ನುಣುಪಾಗುವ ತನಕ ಇದೇ ಕೆಲಸ. ಸ್ಕ್ರೂ ತಲೆ, ಕೂಡಿನ ಗೆರೆಗಳಿಗೆ ಗಾಡಿ ಪೇಂಟರುಗಳು ಬಳಸುವ ಬಾಡಿ ಫಿಲ್ಲರ್ ಒಳ್ಳೆಯದು, ಗೋಡೆಯ ಪುಟ್ಟಿ ಬೇಡ, ಬಾಕ್ಸ್ ನಡುಗುವಾಗ ಉದುರುತ್ತದೆ. ಆಮೇಲೆ ಪ್ರೈಮರ್, 320ರಲ್ಲಿ ಉಜ್ಜುವುದು, ಕೊನೆಗೆ ಡ್ಯೂಕೋ, ಅಂದರೆ ಗಾಡಿಗಳಿಗೆ ಹೊಡೆಯುವ ಎನ್‌ಸಿ ಬಣ್ಣ. ಕಾರು, ಟ್ರ್ಯಾಕ್ಟರ್ ಪೇಂಟ್ ಮಾಡುವ ಗ್ಯಾರೇಜಿನಲ್ಲಿ ಮಾತಾಡಿದರೆ ಸ್ಪ್ರೇ ಮಾಡಿಕೊಡುತ್ತಾರೆ. ಉಜ್ಜುವ ಕೆಲಸ ನೀವೇ ಮುಗಿಸಿ ಒಯ್ದರೆ ಖರ್ಚೂ ಕಮ್ಮಿ.

ಹವೆ ನೋಡಿಕೊಂಡು ಹೊಡೆಸಿ. ಮಳೆಯ ತೇವ ಇದ್ದ ದಿನ ಎನ್‌ಸಿ ಬಣ್ಣದ ಮೇಲೆ ಬಿಳಿ ಮಂಜು ಕೂರುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಳಿಯುವುದರಿಂದ ಹೀಗಾಗುತ್ತದೆ. ಮೇ ಮಧ್ಯಾಹ್ನದಲ್ಲಿ ತೊಂದರೆ ಉಲ್ಟಾ. ಗನ್ನಿನಿಂದ ಹಾರಿದ ಹನಿ ಹಲಗೆ ಮುಟ್ಟುವ ಮೊದಲೇ ಒಣಗಿ ಮೇಲ್ಮೈ ಮರಳು ಮರಳಾಗುತ್ತದೆ.

ಇಷ್ಟು ಮಾಡಿದರೂ ಒಂದು ಕಾಟ ತಪ್ಪುವುದಿಲ್ಲ. ಕನ್ನಡಿಯಂತೆ ಹೊಳೆಯುತ್ತಿದ್ದ ಬಾಕ್ಸಿನಲ್ಲಿ ಕೆಲವು ತಿಂಗಳ ನಂತರ ಕೂಡಿನ ಗೆರೆ ಬಣ್ಣದೊಳಗಿಂದ ಎದ್ದು ಕಾಣುತ್ತದೆ. ಪೇಂಟರ್ ತಪ್ಪಲ್ಲ. ತೇವಕ್ಕೆ ಎಂಡಿಎಫ್ ದಪ್ಪದ ದಿಕ್ಕಿಗೆ ಜಾಸ್ತಿ ಹಿಗ್ಗುತ್ತದೆ, ಉದ್ದಗಲಕ್ಕೆ ಕಮ್ಮಿ. ಕೂಡಿನಲ್ಲಿ ಒಂದು ಹಲಗೆಯ ಅಂಚು ಇನ್ನೊಂದರ ಮುಖದ ಪಕ್ಕ ಬಂದಿರುತ್ತದೆ, ಎರಡೂ ಬೇರೆ ಬೇರೆ ಹಿಗ್ಗುತ್ತವೆ. ಇದನ್ನು ಗೆಲ್ಲಲು ಹೋಗುವ ಬದಲು ಕೂಡಿನ ಮೇಲೇ ಉದ್ದಕ್ಕೂ ಒಂದು ಸಣ್ಣ ಕಚ್ಚು ಹಾಕಿಸಿ ಅದನ್ನೇ ಡಿಸೈನ್ ಮಾಡಿಬಿಡುವುದು ಜಾಣತನ. ಇಲ್ಲವೇ ಬಣ್ಣದ ಗೋಜಿಗೆ ಹೋಗದೆ ಸನ್‌ಮೈಕಾ ಅಥವಾ ವೆನೀರ್ (ಮರದ ತೆಳು ಹಾಳೆ) ಅಂಟಿಸಿ. ವೆನೀರ್ ಆದರೆ ಹಲಗೆಯ ಒಳಮುಖಕ್ಕೂ ಒಂದು ಕೋಟ್ ಸೀಲರ್ ಕೊಡಿ. ಒಂದೇ ಕಡೆ ತೇವ ಕುಡಿದ ಹಲಗೆ ಡೊಂಕಾಗುತ್ತದೆ. ಟ್ರ್ಯಾಕ್ಟರ್ ಬಾಕ್ಸಿಗೆ ಇದ್ಯಾವುದೂ ಬೇಡ, ಕಾರ್ಪೆಟ್ ಅಂಟಿಸಿ ಮೂಲೆಗೆ ಕಬ್ಬಿಣದ ಕಾರ್ನರ್ ಹೊಡೆದರೆ ಮುಗಿಯಿತು.

ಮುಂದಿನ ಹಲಗೆಯ ಅಂಚು ದುಂಡಗೆ ಮಾಡಿಸುವುದು ಬರೀ ಚೆಂದಕ್ಕಲ್ಲ. ಚೂಪು ಅಂಚಿಗೆ ಬಂದ ಸದ್ದು ಅಲ್ಲಿಂದ ಮತ್ತೆ ಚೆದುರುತ್ತದೆ. ಅಮೆರಿಕದ ಧ್ವನಿ ಎಂಜಿನಿಯರ್ ಹ್ಯಾರಿ ಓಲ್ಸನ್ ಗೋಲ, ಚೌಕ, ಸಿಲಿಂಡರ್ ಹೀಗೆ ಬೇರೆ ಬೇರೆ ಆಕಾರದ ಪೆಟ್ಟಿಗೆಗಳನ್ನು ಅಳೆದು ನೋಡಿದಾಗ ಗೋಲದ್ದೇ ಎಲ್ಲಕ್ಕಿಂತ ಸಮನಾಗಿತ್ತು. ಆದರೆ ಬಡಿಗೇರರ ರೂಟರ್ ಮಶಿನ್ನಿನಲ್ಲಿ ಅಂಚನ್ನು 3 ಮಿಲಿಮೀಟರ್ ಸವರಿದರೆ ಕಣ್ಣಿಗಷ್ಟೇ ಲಾಭ. ಕಿವಿಗೆ ಗೊತ್ತಾಗಬೇಕಾದರೆ 20 ಮಿಲಿಮೀಟರಾದರೂ ದುಂಡಗಿರಬೇಕು, ಅಷ್ಟು ದೊಡ್ಡ ಬಿಟ್ ಎಲ್ಲ ಬಡಿಗೇರರ ಹತ್ತಿರ ಇರುವುದಿಲ್ಲ.

ಸ್ಪೀಕರ್ ಕೊನೆಗೆ ಕೂರಿಸಿ. ಮತ್ತೆ ಬಿಚ್ಚಬೇಕಾಗಿ ಬಂದೇ ಬರುತ್ತದೆ, ಎಂಡಿಎಫ್‌ನಲ್ಲಿ ಮರದ ಸ್ಕ್ರೂ ಎರಡನೇ ಸಲಕ್ಕೆ ಸಡಿಲ. ಬಣ್ಣಕ್ಕೆ ಮೊದಲೇ ಹಿಂದಿನಿಂದ ಟಿ-ನಟ್ (ಹಲಗೆಗೆ ಕಚ್ಚಿ ಕೂರುವ ಕಬ್ಬಿಣದ ನಟ್) ಬಡಿದಿಟ್ಟುಕೊಂಡಿದ್ದರೆ ಬೋಲ್ಟ್ ಎಷ್ಟು ಸಲ ಬೇಕಾದರೂ ಬಿಗಿಯಬಹುದು. ವೈರ್ ಬೆಸುಗೆ ಹಾಕಿದ ಮೇಲೆ ಒಂದೂವರೆ ವೋಲ್ಟಿನ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೆ, ಮೈನಸ್ಸನ್ನು ಕಪ್ಪಿಗೆ ಮುಟ್ಟಿಸಿ. ಎರಡೂ ಬಾಕ್ಸಿನ ಕೋನ್ ಹೊರಗೆ ಜಿಗಿಯಬೇಕು. ಒಂದು ಒಳಗೆ ಹೋದರೆ ಅದರ ವೈರ್ ಅದಲುಬದಲು ಮಾಡಿ. ಡ್ಯೂಕೋ ಮುಟ್ಟಿದರೆ ಅರ್ಧ ಗಂಟೆಯಲ್ಲೇ ಒಣಗಿದಂತೆ ಕಂಡರೂ ಒಳಗಿನವರೆಗೆ ಗಟ್ಟಿಯಾಗಲು ಒಂದು ವಾರವಾದರೂ ಬೇಕು. ಅಲ್ಲಿಯತನಕ ಒಂದರ ಮೇಲೊಂದು ಇಡಬೇಡಿ, ರಬ್ಬರ್ ಕಾಲೂ ಹಚ್ಚಬೇಡಿ, ಅಂಟಿಕೊಂಡು ಕೀಳುವಾಗ ಬಣ್ಣದ ಸಮೇತ ಬರುತ್ತದೆ.